ಆಟಿಕೆಯ ಸರಳತೆ ಮತ್ತು ಕುಶಲಕರ್ಮಿಯ ಕಾಯಕ

ಸುಳ್ಯ ತಾಲ್ಲೂಕಿನ ಕಲ್ಲುಗುಂಡಿಯ ಆಸುಪಾಸಿನ ಅಡಿಕೆ ತೋಟಗಳಲ್ಲಿ ಉದುರಿದ ಹಾಳೆಯೇ ಮಕ್ಕಳ ಬಂಡಿ. ಒಬ್ಬನು ಹಾಳೆಯ ಮೇಲೆ ಕುಳಿತರೆ ಇನ್ನೊಬ್ಬನು ಸೋಗೆಯ ತುದಿ ಹಿಡಿದು ಎಳೆಯುತ್ತಾನೆ. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ, ಜೋಡಣೆಯ ಗೊಡವೆಯೂ ಇಲ್ಲ. ಆಟಿಕೆಯನ್ನು ರೂಪಿಸುವವರಿಗೆ ಇದೇ ಮೊದಲ ಪಾಠ.

ಕಲ್ಲುಗುಂಡಿಯ ಮೂಲಕ ಹಾದುಹೋಗುವ ಹೆದ್ದಾರಿಯು ಸಂಪಾಜೆ ಘಾಟಿಯನ್ನೇರಿ, ಮಡಿಕೇರಿ, ಮೈಸೂರುಗಳನ್ನು ದಾಟಿ, ಮರದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣವನ್ನು ಸೇರುತ್ತದೆ. ಅಲ್ಲಿನ ಕುಶಲಕರ್ಮಿಗಳು ಆಲೆಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ.

ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಎದುರು ಈ ಕಸುಬು ಉಳಿಯಬೇಕಾದರೆ ವಿನ್ಯಾಸವು ಸರಳವಾಗಬೇಕೆಂಬ ಮಾತು ಯುಕ್ತವಾದುದೇ. ಆದರೆ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬ ವಿವೇಕವಿಲ್ಲದ ಸರಳತೆಯು ಕಸುಬಿಗೇ ಕುತ್ತಾದೀತು.

ಒಂದು ಆಟದ ಬಂಡಿಯನ್ನೇ ನೋಡಬಹುದು. ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದಾಗಿದ್ದು, ನಾಲ್ಕನ್ನೂ ಮೊಳೆಯಿಂದ ಬಡಿದಿದ್ದರೆ ಕೆಲಸವೂ ಹೆಚ್ಚು, ಅಪಾಯವೂ ಹೆಚ್ಚು. ನಾಲ್ಕು ಗಾಲಿಗಳನ್ನೂ ಒಂದೇ ಅಳತೆಯಲ್ಲಿ ಕಡೆದು, ಮರದ ಅಚ್ಚನ್ನು ಗಾಲಿಗೆ ಬಿಗಿಯಾಗಿಯೂ ಬಂಡಿಯ ಒಡಲಿನ ರಂಧ್ರದಲ್ಲಿ ಸಡಿಲವಾಗಿಯೂ ಕೂಡಿಸಿದರೆ ಮೊಳೆಯೇ ಬೇಕಿಲ್ಲ. ಮರ ಮಾತ್ರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಕುಗ್ಗಿದರೆ ಬಿಗಿಯೂ ಕೈಬಿಡುತ್ತದೆ. ಅರಗಿನ ಬದಲು ಬಣ್ಣವನ್ನು ಸಿಂಪಡಿಸಿದರೆ ಇನ್ನೂ ಬೇಗ ಮುಗಿಯಬಹುದು. ಆದರೆ ಆಗ ಉಳಿಯುವುದು ಚನ್ನಪಟ್ಟಣದ ಹೆಸರು ಮಾತ್ರ. ತೆಗೆಯಬೇಕಾದುದು ಮೊಳೆಯನ್ನು, ಅರಗನ್ನಲ್ಲ.

2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳಿಗೆ ಕಾನೂನು ವಿನಾಯಿತಿಯನ್ನಿತ್ತಿತು. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸು ಯಾವ ವಿನಾಯಿತಿಯನ್ನೂ ಅರಿಯದು. ಕಳಚಿ ಬೀಳುವ ಭಾಗವಿಲ್ಲದ ಆಟಿಕೆಯನ್ನು ಮಾಡುವುದು ಕಾಯಕನಿಷ್ಠೆಯೇ ಆಗಿದೆ.

ಬಿದಿರಿನ ಕಾಯಕದ ಶರಣ ಮೇದರ ಕೇತಯ್ಯನವರ ಕಸುಬಿನ ಬುಟ್ಟಿಗೂ ಮೊಳೆಯಿಲ್ಲ. ಹೆಣಿಗೆಯೇ ಅದರ ಬಲ. ಕಾಯಕವು ದುಡಿಯುವವನ ಘನತೆಯನ್ನು ಎತ್ತಿಹಿಡಿದ ತತ್ತ್ವ. ಆದುದರಿಂದ ವಿನ್ಯಾಸವು ಸರಳವಾಗಿ ದಿನಕ್ಕೆ ಹತ್ತು ಬಂಡಿಗಳಾಗುತ್ತಿದ್ದ ಕಡೆ ಹದಿನೈದಾದರೆ, ಆ ಹೆಚ್ಚಳದ ಫಲವು ವರ್ತಕನ ಪೆಟ್ಟಿಗೆಯನ್ನಷ್ಟೇ ಸೇರದೆ ಕಡೆದ ಕೈಗೂ ಸಲ್ಲಬೇಕು. ಆಗ ಮಾತ್ರ ಕುಶಲಕರ್ಮಿಯ ಮಕ್ಕಳು ಉಳಿಯನ್ನು ಅಭಿಮಾನದಿಂದ ಹಿಡಿದಾರು.