ವಿಂಡೋಸ್ 10 ನಿಂತುಹೋಯಿತೇ? ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

ವಾಟ್ಸಾಪ್ ಗುಂಪುಗಳಲ್ಲಿ ಕಂಪ್ಯೂಟರ್ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಸುತ್ತುತ್ತಿರುತ್ತವೆ. ಮೊದಲನೆಯದು ಹೆದರಿಸುತ್ತದೆ: ವಿಂಡೋಸ್ 10 ಬಂದ್ ಆಗಿದೆ, ನಿಮ್ಮ ಕಂಪ್ಯೂಟರ್ ಇನ್ನು ಕೆಲಸ ಮಾಡುವುದಿಲ್ಲ, ಬೇಗ ಹೊಸದು ಕೊಳ್ಳಿ. ಎರಡನೆಯದು ಧೈರ್ಯ ತುಂಬುತ್ತದೆ: ಇದೆಲ್ಲ ಕಂಪನಿಗಳ ವ್ಯಾಪಾರದ ಆಟ, ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ಕೆಡುತ್ತದೆ, ಏನನ್ನೂ ಮುಟ್ಟಬೇಡಿ.

ಎರಡನ್ನೂ ಕಳಿಸುವವರು ನಮ್ಮ ಒಳಿತನ್ನು ಬಯಸುವವರೇ. ಆದರೆ ಮೊದಲನೆಯದನ್ನು ನಂಬಿದರೆ ಸಾವಿರಾರು ರೂಪಾಯಿ ಸುಮ್ಮನೆ ಖರ್ಚಾಗಬಹುದು. ಎರಡನೆಯದನ್ನು ನಂಬಿದರೆ ಬ್ಯಾಂಕ್ ಖಾತೆಯ ಹಣವೋ ಮಕ್ಕಳ ಬಾಲ್ಯದ ಫೋಟೋಗಳೋ ಕೈತಪ್ಪಬಹುದು. ಹಾಗಾದರೆ ನಿಜ ಏನು? ಎರಡರಲ್ಲೂ ಅರ್ಧರ್ಧ ಸತ್ಯವಿದೆ. ಬಿಡಿಸಿ ನೋಡೋಣ.

ನಿಂತದ್ದು ಕಂಪ್ಯೂಟರ್ ಅಲ್ಲ, ದುರಸ್ತಿ

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ 10 ಅಂಥದ್ದೊಂದು. ಅದು ಬಿಡುಗಡೆಯಾದದ್ದು 2015ರ ಜುಲೈ 29ರಂದು. ಹತ್ತು ವರ್ಷಗಳ ಬಳಿಕ, 2025ರ ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು.

ಅಕ್ಟೋಬರ್ 15ರ ಬೆಳಿಗ್ಗೆ ಏನಾಯಿತು? ಏನೂ ಆಗಲಿಲ್ಲ. ವಿಂಡೋಸ್ 10 ಇದ್ದ ಕಂಪ್ಯೂಟರ್‌ಗಳು ಎಂದಿನಂತೆ ಆನ್ ಆದವು. ನಿಂತದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಉಚಿತವಾಗಿ ಬರುತ್ತಿದ್ದ ಭದ್ರತೆಯ ದುರಸ್ತಿ.

ಊರಿಗೆ ಲೈನ್‌ಮನ್ ಬರುವುದು ನಿಂತರೆ ಮನೆಯ ದೀಪ ಅವತ್ತೇ ಆರುವುದಿಲ್ಲ. ಆದರೆ ತಂತಿ ಹರಿದು ಬಿದ್ದ ದಿನ ಕರೆದರೂ ಬರುವವರು ಇರುವುದಿಲ್ಲ. ವಿಂಡೋಸ್ 10ರ ಈಗಿನ ಸ್ಥಿತಿಯೂ ಹಾಗೆಯೇ.

ತೇಪೆ ಹಾಕದಿದ್ದರೆ ಏನಾಗುತ್ತದೆ?

ಕೋಟ್ಯಂತರ ಸಾಲುಗಳ ತಂತ್ರಾಂಶದಲ್ಲಿ ತಪ್ಪುಗಳು ಉಳಿದೇ ಇರುತ್ತವೆ. ಅವುಗಳಲ್ಲಿ ಕೆಲವು ಕಳ್ಳರು ನುಸುಳಬಹುದಾದ ಬಿರುಕುಗಳು. ಯಾರಾದರೂ ಬಿರುಕನ್ನು ಪತ್ತೆ ಮಾಡಿದಾಗ ಕಂಪನಿ ಅದಕ್ಕೆ ತೇಪೆ ಹಾಕಿ ಕಳಿಸುತ್ತದೆ. ನಾವು ಸೆಕ್ಯುರಿಟಿ ಅಪ್‌ಡೇಟ್ ಎನ್ನುವುದು ಇದನ್ನೇ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ವಿಂಡೋಸ್ 10 ಮತ್ತು 11ರ ಒಳಗಿನ ತಂತ್ರಾಂಶದಲ್ಲಿ ಬಹಳಷ್ಟು ಭಾಗ ಒಂದೇ. ವಿಂಡೋಸ್ 11ಕ್ಕೆ ತೇಪೆ ಬಂದಾಗ ಹ್ಯಾಕರ್‌ಗಳು ಅದನ್ನು ಬಿಚ್ಚಿ, ಮೊದಲು ಹೇಗಿತ್ತು, ಈಗ ಏನು ಬದಲಾಗಿದೆ ಎಂದು ಹೋಲಿಸಿ ನೋಡುತ್ತಾರೆ. ಬಿರುಕು ಎಲ್ಲಿತ್ತು ಎಂಬುದು ಅವರಿಗೆ ತಿಳಿಯುತ್ತದೆ. ಅದೇ ಬಿರುಕು ವಿಂಡೋಸ್ 10ರಲ್ಲೂ ಇದ್ದು, ಅಲ್ಲಿ ಯಾರೂ ಮುಚ್ಚದೆ ಬಿಟ್ಟಿದ್ದರೆ? ಹೊಸ ಮನೆಗೆ ಹಾಕಿದ ತೇಪೆಯೇ ಹಳೆಯ ಮನೆಗೆ ದಾರಿ ತೋರಿಸುತ್ತದೆ. ಹಾಗಾಗಿ ಅಪಾಯ ಮೊದಲ ದಿನವೇ ಬಂದು ಬೀಳುವುದಿಲ್ಲ, ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗುತ್ತದೆ.

ಇದು ಬರೀ ಊಹೆಯಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿತು. ಅದು ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುತ್ತಿತ್ತು. ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ತಾನಾಗಿಯೇ ದಾಟುತ್ತಿತ್ತು, ಯಾರೂ ಲಿಂಕ್ ಒತ್ತಬೇಕಾಗಿರಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80 ತೊಂದರೆಗೆ ಸಿಲುಕಿದವು. ರೋಗಿಗಳ ಭೇಟಿಗಳು, ಶಸ್ತ್ರಚಿಕಿತ್ಸೆಗಳು ರದ್ದಾದವು.

ಆ ಬಿರುಕಿಗೆ ಮೈಕ್ರೋಸಾಫ್ಟ್ ಸುಮಾರು ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು, ತೇಪೆ ಕೊಟ್ಟಿತ್ತು. ದಾಳಿಗೆ ಸಿಕ್ಕಿದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಅದಕ್ಕೆ ಆಗ ಬೆಂಬಲ ಇನ್ನೂ ಇತ್ತು, ತೇಪೆಯೂ ಸಿಗುತ್ತಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಅಂದರೆ ಕಂಪ್ಯೂಟರ್ ಹಳೆಯದೋ ಹೊಸದೋ ಎಂಬುದಕ್ಕಿಂತ ತೇಪೆ ಬಿದ್ದಿದೆಯೋ ಇಲ್ಲವೋ ಎಂಬುದೇ ಮುಖ್ಯ.

"ಆಂಟಿವೈರಸ್ ಇದೆಯಲ್ಲ, ಸಾಲದೇ?"

ಸಾಲದು. ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರ. ಗೋಡೆಯೇ ಬಿರುಕು ಬಿಟ್ಟಿದ್ದರೆ ಕಳ್ಳ ಬಾಗಿಲಿಗೆ ಬರುವುದೇ ಇಲ್ಲ. ವಿಂಡೋಸ್ 10ರಲ್ಲಿರುವ ಡಿಫೆಂಡರ್ ಆಂಟಿವೈರಸ್‌ಗೆ 2028ರ ಅಕ್ಟೋಬರ್‌ವರೆಗೂ ಹೊಸ ವೈರಸ್‌ಗಳ ಮಾಹಿತಿ ಬರುತ್ತಿರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಇದು ಉಪಯುಕ್ತವೇ, ಆದರೆ ಗೋಡೆಯ ದುರಸ್ತಿಗೆ ಬದಲಿಯಲ್ಲ.

ಅಪ್‌ಡೇಟ್ ಮಾಡಿದರೆ ಕೆಡುತ್ತದೆ ಎಂಬ ಭಯ ಸುಳ್ಳೇ?

ಪೂರ್ತಿ ಸುಳ್ಳಲ್ಲ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್‌ಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು. ತೊಂದರೆಗೊಳಗಾದವರು ತೀರಾ ಕಡಿಮೆ. ಆದರೆ ಬ್ಯಾಕಪ್ ಇಲ್ಲದೆ ಕಡತ ಕಳೆದುಕೊಂಡವರಿಗೆ ಆ ಲೆಕ್ಕದಿಂದ ಏನು ಸಮಾಧಾನ?

ಸ್ಲೋ ಆಗುತ್ತದೆ ಎಂಬ ದೂರಿಗೂ ಕಾರಣವಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕು ಎಂದು ಬರೆದಿದ್ದರೂ ಅಷ್ಟರಲ್ಲಿ ಅದು ತೆವಳುತ್ತದೆ. ಹಳೆಯ ಮಾದರಿಯ, ತಿರುಗುವ ಹಾರ್ಡ್ ಡಿಸ್ಕ್ ಇದ್ದರಂತೂ ಇನ್ನೂ ನಿಧಾನ. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸಿದರೆ ಅದೇ ಕಂಪ್ಯೂಟರಿಗೆ ಹೊಸ ಜೀವ ಬಂದಂತಾಗುತ್ತದೆ. ಇದರ ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಗಿಂತ ಬಹಳ ಕಡಿಮೆ.

ಎಲ್ಲ ಕಂಪ್ಯೂಟರಿಗೂ ವಿಂಡೋಸ್ 11 ಏಕೆ ಬರುವುದಿಲ್ಲ?

ವಿಂಡೋಸ್ 10ರಿಂದ 11ಕ್ಕೆ ಹೋಗಲು ಹಣ ಕೊಡಬೇಕಿಲ್ಲ, ಆದರೆ ಅರ್ಹತೆ ಬೇಕು. 64 ಜಿಬಿ ಸಂಗ್ರಹಣೆ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಇರಬೇಕು. ಟಿಪಿಎಂ ಎಂದರೆ ಪಾಸ್‌ವರ್ಡ್, ಬೀಗದ ಕೀಲಿಗಳಂಥ ಗುಟ್ಟುಗಳನ್ನು ಬೇರೆಯಾಗಿ ಕಾಪಾಡುವ ಭದ್ರತಾ ವ್ಯವಸ್ಥೆ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇದು ಇದ್ದರೂ ಬಯೋಸ್ ಸೆಟ್ಟಿಂಗ್‌ನಲ್ಲಿ ಆಫ್ ಆಗಿರುತ್ತದೆ. ಹಾಗಾಗಿ "ನಿಮ್ಮದಕ್ಕೆ ಬರುವುದಿಲ್ಲ" ಎಂದು ಅಂಗಡಿಯವರು ಹೇಳಿದರೆ, ಟಿಪಿಎಂ ಆನ್ ಮಾಡಿ ನೋಡಿದಿರಾ ಎಂದು ಕೇಳಿ.

ಪ್ರೊಸೆಸರ್ ವಿಷಯ ಹೀಗಿದೆ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ನಂತರದ್ದು ಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಐ5-8250ಯು ಎಂದಿದ್ದರೆ ಗೆರೆಯ ನಂತರದ 8 ಅದರ ತಲೆಮಾರು, ಅದಕ್ಕೆ ವಿಂಡೋಸ್ 11 ಬರುತ್ತದೆ. ಐ5-7200ಯು ಎಂದಿದ್ದರೆ 7ನೇ ತಲೆಮಾರು, ಬರುವುದಿಲ್ಲ. ಇದೆಲ್ಲ ಗೊಂದಲ ಎನಿಸಿದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಹೌದು ಅಥವಾ ಇಲ್ಲ ಎಂದು ಹೇಳುತ್ತದೆ.

ಅರ್ಹತೆ ಇಲ್ಲದ ಕಂಪ್ಯೂಟರಿಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವ ವಿಡಿಯೋಗಳು ಓಡಾಡುತ್ತಿವೆ. ಹಾಕಲು ಬರಬಹುದು. ಆದರೆ ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ತೇಪೆಗಾಗಿಯೇ ಅಪ್‌ಗ್ರೇಡ್ ಮಾಡಿ, ಕೊನೆಗೆ ತೇಪೆಯೇ ಬರದಿದ್ದರೆ ಏನು ಬಂತು?

ಹಾಗಾದರೆ ನಿಮ್ಮ ಮನೆಯಲ್ಲಿ ಏನು ಮಾಡಬೇಕು?

ಕಂಪ್ಯೂಟರ್ ಎಷ್ಟು ಹಳೆಯದು ಎಂದು ಲೆಕ್ಕ ಹಾಕುವ ಮೊದಲು, ಅದರಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿಕೊಳ್ಳಿ.

ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ: ಅಪ್‌ಗ್ರೇಡ್ ಮಾಡಿ. ಮುಂದೂಡುವುದರಲ್ಲಿ ಲಾಭವಿಲ್ಲ. ಮಾಡಿದ ಮೇಲೆ ಹಿಡಿಸದಿದ್ದರೆ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಭಾಗದಿಂದ ಹಳೆಯದಕ್ಕೆ ಮರಳುವ ಅವಕಾಶವೂ ಇದೆ.

ಅರ್ಹವಲ್ಲ, ಆದರೆ ಬ್ಯಾಂಕಿಂಗ್, ಜಿಎಸ್‌ಟಿ, ಅಂಗಡಿಯ ಬಿಲ್ಲಿಂಗ್ ಎಲ್ಲ ಅದರಲ್ಲೇ ನಡೆಯುತ್ತಿದ್ದರೆ: ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಮುಂದುವರಿಸುವ ಇಎಸ್‌ಯು ಯೋಜನೆಯನ್ನು ಪ್ರಕಟಿಸಿತು. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಇದು ಉಚಿತ. ಇಲ್ಲವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್‌ಗೆ ಸಮನಾದ ಹಣ ಕೊಡಬೇಕು. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಕಚೇರಿ ಜಾಲಕ್ಕೆ ಸೇರಿದ ಕಂಪ್ಯೂಟರ್‌ಗಳಿಗೆ ನಿಯಮ ಬೇರೆ. ಆದರೆ ಇದು ಶಾಶ್ವತ ಪರಿಹಾರವಲ್ಲ, ಹೊಸ ಕಂಪ್ಯೂಟರಿಗೆ ಹಣ ಕೂಡಿಡಲು ಸಿಗುವ ಕಾಲಾವಕಾಶ ಅಷ್ಟೆ.

ಬರೀ ಇಂಟರ್‌ನೆಟ್ ನೋಡಲು, ಮಕ್ಕಳ ಪಾಠಕ್ಕೆ, ಪತ್ರ ಬರೆಯಲು ಬಳಸುವುದಾದರೆ: ಲಿನಕ್ಸ್ ಮಿಂಟ್, ಉಬುಂಟು ಮುಂತಾದ ಉಚಿತ ಆಪರೇಟಿಂಗ್ ಸಿಸ್ಟಮ್‌ಗಳು ಹಳೆಯ ಯಂತ್ರಗಳಲ್ಲೂ ಚೆನ್ನಾಗಿ ಓಡುತ್ತವೆ, ತೇಪೆಗಳೂ ಬರುತ್ತಿರುತ್ತವೆ. ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ. ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

ಹಳೆಯ ಫೋಟೋ, ಹಾಡು ಇಟ್ಟುಕೊಳ್ಳಲು ಮಾತ್ರ ಇದ್ದರೆ: ಇಂಟರ್‌ನೆಟ್ ಸಂಪರ್ಕ ತೆಗೆದು ನೆಮ್ಮದಿಯಾಗಿ ಬಳಸಿ. ಫೋಟೋಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಇನ್ನೊಬ್ಬರ ಪೆನ್ ಡ್ರೈವ್ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಅಪ್‌ಗ್ರೇಡ್‌ಗೆ ಮುನ್ನ ಇಷ್ಟು ಮಾಡಿ

ಮೊದಲು ಬ್ಯಾಕಪ್. ಬೇಕಾದ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಎತ್ತಿಡಿ.

ಅಂಗಡಿಗೆ ಒಯ್ದರೆ "ಅಪ್‌ಗ್ರೇಡ್ ಮಾಡಿ, ಫಾರ್ಮ್ಯಾಟ್ ಬೇಡ" ಎಂದು ಸ್ಪಷ್ಟವಾಗಿ ಹೇಳಿ. ಅಪ್‌ಗ್ರೇಡ್‌ನಲ್ಲಿ ಕಡತಗಳೂ ಆ್ಯಪ್‌ಗಳೂ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಕಡಿಮೆ ಹಣಕ್ಕೆ ನಕಲಿ ವಿಂಡೋಸ್ ಹಾಕಿಸಿಕೊಳ್ಳಬೇಡಿ. ಅದನ್ನು ಆ್ಯಕ್ಟಿವೇಟ್ ಮಾಡಲು ಬಳಸುವ ಕಳ್ಳ ತಂತ್ರಾಂಶಗಳಲ್ಲಿ ಹಲವು ಆಂಟಿವೈರಸ್ ಆಫ್ ಮಾಡಲು ಹೇಳುತ್ತವೆ. ಕಳ್ಳನಿಗೆ ನಾವೇ ಬಾಗಿಲು ತೆರೆದುಕೊಟ್ಟ ಹಾಗೆ!

ಕನ್ನಡಿಗರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾರ್ಮ್ಯಾಟ್ ಆದ ಮೇಲೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಬಹುದು. ಹೆದರಬೇಡಿ, ಬರಹ ಹಾಳಾಗಿಲ್ಲ. ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ. ಮುಖ್ಯವಾದವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಟ್ಟರೆ ಇನ್ನೂ ಒಳ್ಳೆಯದು. ತುಂಗಾ ಫಾಂಟ್ ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ.

ಹಳೆಯ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅವಕ್ಕೆ ವಿಂಡೋಸ್ 11ರ ಡ್ರೈವರ್ ಸಿಗುತ್ತದೆಯೇ ಎಂದು ತಯಾರಕರ ಜಾಲತಾಣದಲ್ಲಿ ಮೊದಲೇ ನೋಡಿ. ರಿಟರ್ನ್ ಸಲ್ಲಿಸುವ ಕೊನೆಯ ದಿನದಂದು ಮಾತ್ರ ಅಪ್‌ಗ್ರೇಡ್‌ಗೆ ಕೈ ಹಾಕಬೇಡಿ.

ಅಪ್‌ಡೇಟ್ ವಾಟ್ಸಾಪ್‌ನಲ್ಲಿ ಬರುವುದಿಲ್ಲ

ಇಂಥ ಗೊಂದಲದ ಕಾಲವೇ ವಂಚಕರಿಗೆ ಸುಗ್ಗಿ. "ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಪರದೆಯ ಮೇಲೆ ಎಚ್ಚರಿಕೆ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಅಪ್‌ಡೇಟ್ ಬರುವುದು ಕಂಪ್ಯೂಟರಿನ ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್‌ನಿಂದ, ಫಾರ್ವರ್ಡ್ ಆದ ಲಿಂಕ್‌ನಿಂದಲ್ಲ. ಯಾರಾದರೂ ಮೋಸಹೋಗಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೀವು ಈ ಲೇಖನ ಓದುತ್ತಿರುವ ಫೋನಿಗೂ ಇದೇ ಲೆಕ್ಕ. ಆ್ಯಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಎಂದು ಹುಡುಕಿ, ಕೊನೆಯ ತೇಪೆ ಬಿದ್ದ ದಿನಾಂಕ ನೋಡಿ. ಅದು ಎರಡು ಮೂರು ವರ್ಷಗಳಷ್ಟು ಹಿಂದಿನದಾಗಿದ್ದರೆ ನೀವು ಹಣ ಕಳಿಸುವ ಯುಪಿಐ ಆ್ಯಪ್ ಕೂಡ ಬಿರುಕು ಬಿಟ್ಟ ಗೋಡೆಯೊಳಗೇ ಇದೆ ಎಂದರ್ಥ.

ಕೊನೆಗೆ ನೆನಪಿಡಬೇಕಾದ್ದು ಇಷ್ಟೇ. ಹಳೆಯ ಕಂಪ್ಯೂಟರ್ ಎಂಬ ಒಂದೇ ಕಾರಣಕ್ಕೆ ಎಸೆಯಬೇಡಿ, ಇನ್ನೂ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ. ತೇಪೆ ಬರುತ್ತಿದೆಯೇ ಎಂದು ನೋಡಿ, ಆಮೇಲೆ ನಿರ್ಧರಿಸಿ. ಮುಂದಿನ ಸಲ ಗುಂಪಿನಲ್ಲಿ ಆ ಎರಡು ಫಾರ್ವರ್ಡ್‌ಗಳಲ್ಲಿ ಯಾವುದೇ ಬಂದರೂ, ಕಳಿಸಿದವರನ್ನು ಈ ಒಂದು ಪ್ರಶ್ನೆ ಕೇಳಿ: ನಿಮ್ಮ ಕಂಪ್ಯೂಟರಿಗೆ ಕೊನೆಯ ತೇಪೆ ಬಿದ್ದದ್ದು ಯಾವಾಗ?