ಲಕೋಟೆಯಲ್ಲಿ ಬಂದ ಚಕ್ರ

ಕಳೆದ ಮಾಗಿಯ ಒಂದು ಬೆಳಗ್ಗೆ ಹನೂರಿನ ಅಂಚೆಯಣ್ಣನು ಅಲ್ಲಿನ ಮೇಷ್ಟ್ರೊಬ್ಬರ ಮನೆಯ ಬಾಗಿಲಲ್ಲಿ ಕೊಟ್ಟುಹೋದ ಲಕೋಟೆಯು ತೀರ ಹಗುರವಾಗಿತ್ತು. ಮದುವೆಯ ಕರೆಯೋಲೆಯಾದರೂ ಅದಕ್ಕಿಂತ ಹೆಚ್ಚು ತೂಗುತ್ತದೆ. ಮೇಲೆ, ಒಡೆಯುವ ವಸ್ತುವಿದೆ ಎಂದು ಸಾರುವ ಕೆಂಪು ಚೀಟಿಯೊಂದನ್ನು ಅಂಟಿಸಿದ್ದರು. ಎಚ್ಚರಿಕೆಯೆಲ್ಲವೂ ಆ ಚೀಟಿಯಲ್ಲಿಯೇ ವೆಚ್ಚವಾಗಿತ್ತು. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಕಡಲೆಬೇಳೆಯಷ್ಟಗಲದ ಒಂದು ಚಕ್ರ, ಇಷ್ಟೇ.

“ಬಂತೇನಪ್ಪ?” ಎಂದು ಒಳಗಿನಿಂದ ತಂದೆಯವರು ಕೇಳಿದರು.

ಚಕ್ರವು ಅವರ ಕೈಗಡಿಯಾರಕ್ಕೆ ಸೇರಬೇಕಾದದ್ದು. ಎಂಬತ್ತು ದಾಟಿದ ಆ ಹಿರಿಯರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ಎಚ್‌ಎಂಟಿ ಜನತಾ ಗಡಿಯಾರ ಅದು. ಬೆಳಗಿನ ಕಾಫಿಗೆ ಮೊದಲು ಅದಕ್ಕೆ ಕೀಲಿ ಕೊಡುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಯತವಾದ ಕರ್ಮ. ಒಂದು ದಿನ ಬಚ್ಚಲಿನ ಕಲ್ಲಿನ ಮೇಲೆ ಜಾರಿಬಿದ್ದು ಅದು ನಿಂತುಹೋಯಿತು. ಮಗನು ಬ್ಯಾಟರಿಯ ಹೊಸ ಗಡಿಯಾರವನ್ನು ತಂದುಕೊಟ್ಟರು. ಹಿರಿಯರು ಬೇಡವೆನ್ನದೆ ಕಟ್ಟಿಕೊಂಡರಾದರೂ, ಬೆಳಗ್ಗೆ ಎದ್ದೊಡನೆ ಅವರ ಹೆಬ್ಬೆರಳು ತೋರುಬೆರಳುಗಳು ತಮಗೆ ತಾವೇ ಕೀಲಿಯನ್ನು ತಡಕುತ್ತಿದ್ದವು. ಇದನ್ನು ಕಂಡ ಮೊಮ್ಮಗಳೇ ಅಂತರಜಾಲದ ಅಂಗಡಿಗಳನ್ನು ಹುಡುಕಿ ಚಕ್ರವನ್ನು ತರಿಸಿದಳು.

ಮೇಷ್ಟ್ರು ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದರು. ಗಡಿಯಾರ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಕ್ರವನ್ನು ಚಿಮಟದಲ್ಲಿ ಎತ್ತಿ ನೋಡಿದರು, ಮತ್ತೆ ನೋಡಿದರು.

“ಬಂದದ್ದೇನೋ ಬಂತು ಮೇಷ್ಟ್ರೆ. ಆದ್ರೆ ಜೀವ ಕಳ್ಕೊಂಡು ಬಂತು.”

ವಾಚಕರಲ್ಲಿ ಹಲವರು ಈ ಚಕ್ರವನ್ನು ಕಂಡಿರಲಾರರು. ಬ್ಯಾಲೆನ್ಸ್ ಚಕ್ರವೆಂದು ಅದರ ಹೆಸರು. ಇಂಥ ಗಡಿಯಾರಗಳಲ್ಲಿ ಅದು ಗಂಟೆಗೆ 18,000 ಬಾರಿ, ಎಂದರೆ ದಿನವೊಂದಕ್ಕೆ 4,32,000 ಬಾರಿ ಹೊಯ್ದಾಡುತ್ತದೆ. ಅದರ ಅಚ್ಚಿನ ಎರಡು ತುದಿಗಳೂ ಕೂದಲೆಳೆಯಷ್ಟು ಸಪೂರ; ಅವು ಕೆಂಪು ಕಲ್ಲಿನ ಕುಳಿಗಳಲ್ಲಿ ನಿಂತು ತಿರುಗುತ್ತವೆ. ಚಕ್ರದ ನಡುವೆ ಹೇರ್‌ಸ್ಪ್ರಿಂಗ್ ಎಂಬ ಸುರುಳಿಯಿದೆ. ಅದರ ಒಂದು ಸುತ್ತು ಪಕ್ಕದ ಸುತ್ತನ್ನು ಮುಟ್ಟಿತೆಂದರೆ ಗಡಿಯಾರವು ಹುಚ್ಚು ಓಟ ಓಡುತ್ತದೆ. ಗಡಿಯಾರದೊಳಗೆ ಇರುವಷ್ಟು ಕಾಲ ಇವೆಲ್ಲಕ್ಕೂ ಕೋಟೆಯಂಥ ರಕ್ಷಣೆ; ಹೊರಕ್ಕೆ ತೆಗೆದೊಡನೆ ಉಗುರು ತಗುಲಿದರೂ ಕೇಡು. ಅಂಥದನ್ನು ಬರಿಯ ಲಕೋಟೆಯಲ್ಲಿ ಹಾಕಿ, ಮೂಟೆಗಳ ಅಡಿಯಲ್ಲಿ ಊರಿಂದೂರಿಗೆ ಉರುಳಿಸಿದರೆ ಏನಾಗಬೇಕೋ ಅದೇ ಆಗಿತ್ತು: ಸುರುಳಿಯು ಹೇಗೋ ಉಳಿದಿದ್ದರೂ ಅಚ್ಚಿನ ಒಂದು ತುದಿ ಮುರಿದಿತ್ತು.

ಎರಡನೆಯ ಚಕ್ರವನ್ನು ಬೇರೊಬ್ಬ ಮಾರಾಟಗಾರನಿಂದ ತರಿಸಿದರು. ಮೊಮ್ಮಗಳು ಈ ಬಾರಿ ‘ದಯವಿಟ್ಟು ಜೋಪಾನವಾಗಿ ಕಟ್ಟಿರಿ’ ಎಂದು ಮೊದಲೇ ಬರೆದಿದ್ದಳು. ಆತನು ಸಜ್ಜನನೇ ಇರಬೇಕು. ಚಕ್ರವನ್ನು ಹತ್ತಿಯ ಉಂಡೆಯೊಳಗೆ ಹುದುಗಿಸಿ ಕಳುಹಿಸಿದ್ದನು. ಪೊಟ್ಟಣವನ್ನು ಬಿಡಿಸಿದ ರಿಪೇರಿಯವರು ಹಣೆ ಚಚ್ಚಿಕೊಂಡರು. ಹತ್ತಿಯ ಎಳೆಗಳು ಸುರುಳಿಯ ಸುತ್ತುಸುತ್ತಿಗೂ ಹೆಣೆದುಕೊಂಡಿದ್ದವು. ಒಂದೊಂದೇ ಎಳೆಯನ್ನು ಬಿಡಿಸುವಷ್ಟರಲ್ಲಿ ಸುರುಳಿಯು ಎಳೆದಾಡಿ ಸೊಟ್ಟಗಾಯಿತು. ಒಬ್ಬನ ಅಲಕ್ಷ್ಯಕ್ಕೂ ಇನ್ನೊಬ್ಬನ ಅಕ್ಕರೆಗೂ ಫಲ ಒಂದೇ ಆದದ್ದು ವಿಚಿತ್ರವಾದರೂ ನಿಜ.

ಕಟ್ಟುವ ವಿದ್ಯೆಯು ಈ ಸೀಮೆಗೆ ಹೊಸದೇನೂ ಅಲ್ಲ. ಗಾಜಿನ ಬಳೆಗಳನ್ನು ಮಲಾರದಲ್ಲಿ ಪೋಣಿಸಿ ಹೆಗಲಿಗೇರಿಸಿ, ಬಳೆಗಾರನು ಜಾತ್ರೆಯಿಂದ ಜಾತ್ರೆಗೆ ಕಾಲ್ನಡೆಯಲ್ಲಿ ಹೋಗಿಬರುತ್ತಿದ್ದ ಕಾಲವೊಂದಿತ್ತು. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಗೂಡನ್ನು ಚೀಲಕ್ಕೆ ಒತ್ತಿ ತುಂಬಬಾರದೆಂಬುದು ರೈತರ ಮನೆಯ ಹುಡುಗರಿಗೂ ಗೊತ್ತು. ಗೂಡು ನಜ್ಜುಗುಜ್ಜಾದರೆ ನೂಲು ಸರಾಗವಾಗಿ ಬಿಚ್ಚುವುದಿಲ್ಲ. ಬಳೆಗಾರನಿಗೆ ಬಳೆ ಗೊತ್ತಿತ್ತು, ರೈತನಿಗೆ ಗೂಡು ಗೊತ್ತು. ಅಂತರಜಾಲದಲ್ಲಿ ಹಳೆಯ ಗಡಿಯಾರದ ಬಿಡಿಭಾಗಗಳನ್ನು ಮಾರುವವರಲ್ಲಿ ಅನೇಕರಿಗಾದರೋ ಚಿತ್ರ ತೆಗೆಯಲು ಗೊತ್ತು. ಹಳೆಯ ಅಂಗಡಿಯೊಂದರ ದಾಸ್ತಾನನ್ನು ತೂಕಕ್ಕೆ ಕೊಂಡು, ಚಕ್ರ, ಮುಳ್ಳು, ಡಯಲ್ಲುಗಳನ್ನು ಒಂದೇ ಚೀಲಕ್ಕೆ ಸುರಿದು ‘ಐವತ್ತು ಭಾಗಗಳ ಗಂಟು’ ಎಂದು ಮಾರುವವರೂ ಉಂಟು. ಡಯಲ್ಲಿನ ಬೆನ್ನಿಗಿರುವ ಎರಡು ಸಣ್ಣ ಕಾಲುಗಳು ದಾರಿಯಲ್ಲೇ ಮುರಿಯುತ್ತವೆ. ಮುರಿದ ಕಾಲುಗಳು ಪಕ್ಕದ ಡಯಲ್ಲಿನ ಮುಖವನ್ನು ಗೀಚುತ್ತವೆ.

ಸರಿಯಾದ ರೀತಿಯೇನೂ ದುಬಾರಿಯದಲ್ಲ. ಚಕ್ರವನ್ನು ಅದರ ಸೇತುವೆಯಿಂದ ಬಿಚ್ಚಬಾರದು. ಸೇತುವೆಯೊಡನೆಯೇ ಅಲುಗಾಡದಂತೆ ಗಟ್ಟಿಯಾದ ಪುಟ್ಟ ಡಬ್ಬಿಯಲ್ಲಿ ಕೂಡಿಸಬೇಕು. ಎಳೆ ಬಿಡುವ ಹತ್ತಿ ಸಲ್ಲದು. ಆ ಡಬ್ಬಿಯನ್ನು ಸುತ್ತಲೂ ಮೆತ್ತೆಯಿರುವ ಇನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಹಳೆಯ ಸರಬರಾಜುದಾರರು ಒಂದೊಂದು ಚಕ್ರಕ್ಕೂ ಒಂದೊಂದು ಡಬ್ಬಿ, ಕೀಲಿಯ ಕಡ್ಡಿಗಳಿಗೆ ಕೊಳವೆ, ಮುಖ್ಯ ಸ್ಪ್ರಿಂಗಿಗೆ ಬಳೆಯಂಥ ಉಂಗುರ ಎಂದು ಪ್ರತ್ಯೇಕವಾಗಿ ಕಳುಹಿಸುತ್ತಿದ್ದರು.

ಕೆಟ್ಟರೆ ಇನ್ನೊಂದನ್ನು ತರಿಸಿದರಾಯಿತು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಆರಂಭವಾದದ್ದು 1961ರಲ್ಲಿ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವುದೆಂದು ಕೇಂದ್ರ ಸಂಪುಟವು ತೀರ್ಮಾನಿಸಿದ್ದು 2016ರಲ್ಲಿ. ಈಗ ಹಳೆಯ ಜನತಾ ಗಡಿಯಾರಕ್ಕೊಂದು ಚಕ್ರ ಬೇಕೆಂದರೆ, ಯಾರದೋ ಡ್ರಾಯರಿನಲ್ಲಿ ಉಳಿದ ದಾಸ್ತಾನಿನಿಂದ ಬರಬೇಕು, ಇಲ್ಲವೆ ಇನ್ನೊಂದು ಗಡಿಯಾರದ ಎದೆಯಿಂದ ಬರಬೇಕು. ದಾರಿಯಲ್ಲಿ ಮುರಿದದ್ದು ಲೆಕ್ಕದಿಂದಲೇ ಕಳೆದುಹೋಯಿತು.

ಹಣದ ಮಾತು ಬೇರೆ. ಮೇಷ್ಟ್ರು ದೂರು ಬರೆದರು. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸಬಾರದೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ; ಎರಡೂ ಕಡೆಯಿಂದ ಹಣ ಹಿಂದಿರುಗಿತು. “ನನ್ನ ಗಡಿಯಾರ ಯಾವಾಗ ಹಿಂದಿರುಗೋದು?” ಎಂದು ಹಿರಿಯರು ಕೇಳಿದರು.

ಸುದ್ದಿಯು ಯಳಂದೂರಿನಲ್ಲಿದ್ದ ಸೋದರತ್ತೆಯ ಕಿವಿಗೂ ಬಿತ್ತು. ಹನೂರು 571439, ಕೊಳ್ಳೇಗಾಲ 571440, ಯಳಂದೂರು 571441: ಪಿನ್ ಸಂಖ್ಯೆಯಲ್ಲಿ ಒಂದರ ಪಕ್ಕ ಒಂದು ಕುಳಿತಿರುವ ಊರುಗಳು. ಚಕ್ರಕ್ಕಾಗಿ ದೇಶವನ್ನೆಲ್ಲ ಹುಡುಕಿದವರಿಗೆ ಪಕ್ಕದ ಸಂಖ್ಯೆಯ ನೆನಪಾಗಿರಲಿಲ್ಲ. ಅತ್ತೆಯು ಟ್ರಂಕಿನ ತಳದಿಂದ ತಮ್ಮ ಪತಿಯ ಜನತಾ ಗಡಿಯಾರವನ್ನು ತೆಗೆದಿಟ್ಟರು. ಅವರು ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕೀಲಿ ಕೊಟ್ಟಿರಲಿಲ್ಲ. ಮುಳ್ಳುಗಳಿಗೆ ತುಕ್ಕು ಹಿಡಿದು, ಗಾಜು ಹಳದಿಯಾಗಿತ್ತು.

“ನಿಮ್ಮ ಮಾವನದು. ಸುಮ್ಮನೆ ಮಲಗಿದೆ, ತೊಗೊಂಡು ಹೋಗು. ಅಣ್ಣನದು ನಡೀಲಿ. ಆದರೆ ಮಿಕ್ಕದ್ದನ್ನ ಎಸೀಬೇಡಪ್ಪ, ನನಗೇ ತಂದುಕೊಡು.”

ಮೇಷ್ಟ್ರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೊಳ್ಳೇಗಾಲಕ್ಕೆ ತಂದರು. ಬೇರೆ ಪೆಟ್ಟಿಗೆಯ ಅಗತ್ಯವೇ ಇರಲಿಲ್ಲ. ಚಕ್ರವು ತನ್ನ ಮನೆಯಲ್ಲಿಯೇ ಕುಳಿತು ಬಂದಿತ್ತು. ರಿಪೇರಿಯವರು ಮುಚ್ಚಳವನ್ನು ತೆರೆದು, ಮೇಷ್ಟ್ರ ಮುಖವನ್ನೊಮ್ಮೆ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ತಿರುಪಿಗೆ ಕೈಹಾಕಿದರು. ಹನೂರಿನ ಹಿರಿಯರ ಬೆರಳುಗಳಿಗೆ ಈಗ ಬೆಳಗಿನ ಕೆಲಸ ಮತ್ತೆ ದೊರೆತಿದೆ.

ಚಕ್ರವಿಲ್ಲದ ಗಡಿಯಾರವು ಯಳಂದೂರಿಗೆ ಇನ್ನೂ ಹೋಗಿಲ್ಲ. ರಿಪೇರಿಯವರು ಅದನ್ನು ಇಟ್ಟುಕೊಂಡಿದ್ದಾರೆ. ಲಕೋಟೆಯಲ್ಲಿ ಬಂದ ಚಕ್ರದ ಸುರುಳಿ ನೆಟ್ಟಗಿದೆ, ಹತ್ತಿಯಲ್ಲಿ ಬಂದದ್ದರ ಅಚ್ಚು ನೆಟ್ಟಗಿದೆ. ಎರಡನ್ನೂ ಅವರು ಗಾಜಿನ ಬಟ್ಟಲೊಂದರ ಕೆಳಗೆ ಕವುಚಿಟ್ಟಿದ್ದಾರೆ. ಒಂದರ ಸುರುಳಿಯನ್ನು ಇನ್ನೊಂದರ ಚಕ್ರಕ್ಕೆ ಹೊಂದಿಸಿ, ವೇಗವನ್ನು ಸರಿಪಡಿಸುವುದು ಬಹಳ ತಾಳ್ಮೆಯ ಕೆಲಸ. ಮದುವೆಯ ಕಾಲದ ಗಿರಾಕಿಗಳು ಕರಗಿದ ಮೇಲೆ ಕೈಹಚ್ಚುವುದಾಗಿ ಹೇಳಿದ್ದಾರೆ.