ಮೊಬೈಲಿನಲ್ಲಿರುವ ಮೂಲಪ್ರತಿ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದು. ನೀಲಗಾರರು ತಂಬೂರಿ, ಗಗ್ಗರಗಳೊಡನೆ ಹಾಡುವ ಈ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಧ್ವನಿಸುರುಳಿಯ ಕಾಲ ಮುಗಿದಿದೆ. ನೀಲಗಾರರ ಹಾಡಾಗಲಿ, ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಧ್ವಜ ಸತ್ಯಾಗ್ರಹದ ಬಗ್ಗೆ ಉಳಿದಿರುವ ನೆನಪಾಗಲಿ, ಮಂಡ್ಯದ ಕಬ್ಬಿನ ಬೇಸಾಯದ ಪದಸಂಪತ್ತಾಗಲಿ ಇಂದು ಸ್ಮಾರ್ಟ್‌ಫೋನಿನಲ್ಲಿಯೇ ದಾಖಲಿಸಬಹುದಾದವು. ಆ ದಾಖಲೆ ಗಣಕಯಂತ್ರವನ್ನು ತಲುಪುವ ದಾರಿ ಯಾವುದು ಎಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ; ಅದು ಸಂಶೋಧನ ವಿಧಾನಕ್ಕೆ ಸೇರಿದ್ದು.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಓದಿದವರಿಗೆ ಪ್ರತಿಯಿಂದ ಪ್ರತಿಗೆ ಸಾಗುವಾಗ ಪಾಠ ಕೆಡುವ ಬಗೆಯನ್ನು ವಿವರಿಸಬೇಕಿಲ್ಲ. ಮೌಖಿಕ ಕಾವ್ಯಕ್ಕೆ ಓಲೆಗರಿಯಿಲ್ಲ. ಆ ದಿನದ ಹಾಡಿಕೆಗೆ ಧ್ವನಿಮುದ್ರಣವೇ ಮೂಲಪ್ರತಿ. ಓಲೆಗರಿಯ ವಿಷಯದಲ್ಲಿ ತೋರುವ ಎಚ್ಚರ ಇಲ್ಲಿ ಏಕೆ ಸಡಿಲವಾಗಬೇಕು?

ವಾಟ್ಸ್‌ಆ್ಯಪ್‌ನಲ್ಲಿಯೇ ಮುದ್ರಿಸಿದ ಧ್ವನಿಸಂದೇಶ ಮೊದಲಿನಿಂದಲೇ ಸಂಕುಚಿತವಾದುದು. ಅದರ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಛಾಯಾಚಿತ್ರ ಕುಗ್ಗುತ್ತದೆ. ಚಿತ್ರದೊಳಗೆ ಅಡಗಿದ್ದ ಸ್ಥಳ, ಸಮಯಗಳ ವಿವರ ಅಳಿಯುತ್ತದೆ. ಯುಎಸ್‌ಬಿ ತಂತಿಯಿಂದ ಫೋನನ್ನು ನೇರವಾಗಿ ಜೋಡಿಸಿ ಕಡತವನ್ನು ನಕಲಿಸಿದರೆ ಈ ನಷ್ಟವಿಲ್ಲ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಮೊದಲಿಗೆ ಚಾರ್ಜ್ ಮಾತ್ರ ಆಗುತ್ತವೆ. ಪರದೆಯ ಸೂಚನೆಯಲ್ಲಿ ಕಡತ ವರ್ಗಾವಣೆಯನ್ನು ಆರಿಸಬೇಕು. ಚಾರ್ಜಿಗೆ ಮಾತ್ರ ಒದಗುವ ತಂತಿಗಳೂ ಉಂಟು. ನಕಲಿಸುವಾಗ ಕಡತದ ದಿನಾಂಕ ಬದಲಾಗಬಹುದಾದ್ದರಿಂದ ಊರು, ಹಾಡಿದ ದಿನ, ಹಾಡುಗಾರರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದಿಡುವುದು ಅಗತ್ಯ.

ಬರಹದ ಸಮಸ್ಯೆ ಬೇರೆ. ಫೋನಿನಲ್ಲಿ ಬೆರಳಚ್ಚಿಸಿದ ಟಿಪ್ಪಣಿ ಯೂನಿಕೋಡ್‌ನಲ್ಲಿರುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪ್ರಬಂಧಕ್ಕೆ ಅದನ್ನು ಸೇರಿಸಬೇಕಾದರೆ ಪರಿವರ್ತನೆ ಬೇಕು. ಪ್ರತಿ ಪರಿವರ್ತನೆಯೂ ಹೊಸ ಲಿಪಿಕಾರನಂತೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮತ್ತೆ ಪರಿಶೀಲಿಸದೆ ನಂಬಲಾಗದು. ಆಡುಮಾತಿನ ರೂಪವೇ ಆಧಾರವಾಗಿರುವ ಅಧ್ಯಯನದಲ್ಲಿ ಒಂದು ಸ್ವರ ತಪ್ಪಿದರೂ ನಿರ್ಣಯ ತಪ್ಪಬಹುದು. ಪ್ರಬಂಧವನ್ನೂ ಆರಂಭದಿಂದಲೇ ಯೂನಿಕೋಡ್‌ನಲ್ಲಿ ಬರೆಯುವುದು ಇದಕ್ಕೆ ನೇರವಾದ ಪರಿಹಾರ.

ಸಂಶೋಧಕನ ಕೆಲಸ ಅರ್ಥೈಸುವುದು, ಯಂತ್ರ ನೋಡಿಕೊಳ್ಳುವುದಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಮೂಲವೇ ಕಳೆದುಹೋದಾಗ ಅರ್ಥೈಸಿದ್ದನ್ನು ಪರೀಕ್ಷಿಸಲು ಮುಂದಿನವರಿಗೆ ಆಧಾರವೇನು? ಫೋನು ಕಳೆದರೆ ಇನ್ನೊಂದನ್ನು ಕೊಳ್ಳಬಹುದು; ತೀರಿಕೊಂಡ ಹಾಡುಗಾರರ ಕಂಠವನ್ನು ಕೊಳ್ಳಲಾಗದು. ಸಂಕುಚಿತಗೊಳಿಸದ ವೇವ್ ರೂಪದ ಒಂದು ಗಂಟೆಯ ಸ್ಟೀರಿಯೊ ಮುದ್ರಣ, ಸಿ.ಡಿ. ಗುಣಮಟ್ಟದಲ್ಲಿ, ಸುಮಾರು 635 ಎಂ.ಬಿ. ಮಾತ್ರ. ಇದಕ್ಕೆ ಜಾಗವಿಲ್ಲವೆನ್ನುವ ಕಾಲ ಇದಲ್ಲ.

ಆದ್ದರಿಂದ ಕನ್ನಡ ವಿಭಾಗಗಳು ಪಿಎಚ್.ಡಿ. ಪ್ರಬಂಧದೊಡನೆ ಮೂಲ ಧ್ವನಿಕಡತಗಳ ಎರಡು ಪ್ರತಿಗಳನ್ನೂ ವಿವರಪಟ್ಟಿಯನ್ನೂ ಹಾಡುಗಾರರ ಒಪ್ಪಿಗೆಯನ್ನೂ ಕಡ್ಡಾಯವಾಗಿ ಪಡೆಯಬೇಕು. ಕ್ಷೇತ್ರದಿಂದ ಮರಳಿದ ದಿನವೇ ಫೋನನ್ನು ಗಣಕಕ್ಕೆ ಜೋಡಿಸುವ ಅಭ್ಯಾಸವನ್ನು ಎಂ.ಎ. ತರಗತಿಯಲ್ಲಿಯೇ ಕಲಿಸಬೇಕು. ತಲೆಮಾರುಗಳಿಂದ ಬಾಯಲ್ಲಿ ಕಾಪಾಡಿದ ಕಾವ್ಯವನ್ನು ನೀಲಗಾರರು ನಂಬಿಕೆಯಿಂದ ಒಪ್ಪಿಸುತ್ತಾರೆ. ಅದನ್ನು ಒಂದು ಫೋನಿನ ಆಯುಷ್ಯದಷ್ಟು ಕಾಲವೂ ಉಳಿಸಿಕೊಳ್ಳದ ವಿದ್ವತ್ತು ಆ ನಂಬಿಕೆಗೆ ಅರ್ಹವಾಗುವುದಿಲ್ಲ.